ವೇಗದ ಕಣ್ಕಟ್ಟು

ನನ್ನ ಕಾರಿನ ಸ್ಪೀಡೋಮೀಟರಿನ ಮುಳ್ಳು ಆರು ವರ್ಷದಿಂದ ಸೊನ್ನೆಯ ಮೇಲೆ ಮಲಗಿತ್ತು. ಕೆಟ್ಟು ಮಲಗಿದ್ದಲ್ಲ, ಮಲಗಿಸಿದ್ದು. ಡ್ರೈವಿಂಗ್ ಸ್ಕೂಲಿನ ಕಾರು ಎಷ್ಟು ಸಾವಿರ ಕಿಲೋಮೀಟರ್ ಓಡಿದೆ ಅನ್ನುವುದು ಮುಂದೆ ಅದನ್ನು ಕೊಳ್ಳುವವನಿಗೆ ಯಾಕೆ ಗೊತ್ತಾಗಬೇಕು ಎಂದು ನಮ್ಮ ಮಾಲೀಕರಾದ ಜಯಸಿಂಹ ಅವರು ತೊಂಬತ್ತೊಂಬತ್ತರಲ್ಲೇ ಮೀಟರಿನ ಕೇಬಲ್ ಬಿಚ್ಚಿಸಿಬಿಟ್ಟಿದ್ದರು. ಯಾರೋ ಹೇಳಿಕೊಟ್ಟ ವಿದ್ಯೆ. ಕೇಬಲ್ ಹೋದ ಮೇಲೆ ಕಿಲೋಮೀಟರ್ ಲೆಕ್ಕವೂ ನಿಂತಿತು, ಸ್ಪೀಡ್ ತೋರಿಸುವ ಮುಳ್ಳೂ ನಿಂತಿತು.

ಕಾರು ಬಿಳಿ ಬಣ್ಣದ್ದು, ಎಂಟುನೂರು ಸಿಸಿಯ ಚಿಕ್ಕ ಗಾಡಿ. ಸ್ಕೂಲು ಜಯನಗರ ಏಳನೇ ಬ್ಲಾಕಿನಲ್ಲಿ. ನಾನು ಸರ್ವಮಂಗಳಾ, ಹೆಂಗಸರ ಬ್ಯಾಚಿಗೆ ಕಲಿಸುವವಳು, ಎಲ್ಲರ ಬಾಯಲ್ಲೂ ಮಂಗಳಾ ಮಿಸ್ಸು. ಗಂಡಸರ ಬ್ಯಾಚಿಗೆ ಬೇರೆ ಕಾರಿತ್ತು, ಅದನ್ನು ಜಯಸಿಂಹ ಅವರೇ ನೋಡಿಕೊಳ್ಳುತ್ತಿದ್ದರು. ಇದು ಎರಡು ಸಾವಿರದ ಐದನೇ ಇಸವಿಯ ಮಾತು. ಅಷ್ಟು ಹೊತ್ತಿಗೆ ನಾನು ಎಡಗಡೆ ಸೀಟಿನಲ್ಲಿ, ಕಾಲ ಕೆಳಗೆ ಇನ್ನೊಂದು ಬ್ರೇಕು ಇಟ್ಟುಕೊಂಡು, ಹದಿಮೂರು ವರ್ಷ ಕೂತಿದ್ದೆ.

ಕಲಿಯುವವರು ಸುಮ್ಮನಿರುತ್ತಾರೆಯೇ? "ಮಿಸ್, ಈಗ ಎಷ್ಟು ಸ್ಪೀಡು?" ಎಂದು ಗಳಿಗೆಗೊಮ್ಮೆ ಕೇಳುತ್ತಿದ್ದರು. ಮುಳ್ಳು ಮಲಗಿರುತ್ತಿತ್ತು, ನಾನು ಹೇಳುತ್ತಿದ್ದೆ. ಮೀಟರ್ ಸರಿಯಿದ್ದ ಮೊದಲ ಏಳು ವರ್ಷ ಅದನ್ನು ದಿನಕ್ಕೆ ನೂರು ಸಲ ನೋಡಿ ನೋಡಿ, ಯಾವ ನಂಬರಿಗೆ ಗಾಡಿ ಹೇಗಿರುತ್ತದೆ ಅನ್ನುವುದು ಮೈಗೆ ಹತ್ತಿಬಿಟ್ಟಿತ್ತು. ನಂಬರಿಗೆ ಹೆದರುವವರಿಗೆ ಹೆಸರು ಇಟ್ಟಿದ್ದೆ. ಫಸ್ಟ್ ಗೇರಿನಲ್ಲಿ ಹೋಗುವುದು ಮಡಿ ನಡಿಗೆ: ಮಡಿಯುಟ್ಟ ಅಜ್ಜಿ ಯಾರನ್ನೂ ಮುಟ್ಟದೆ ಅಡುಗೆಮನೆಗೆ ಹೋಗುವ ಹಾಗೆ. ಹದಿನೈದು ಅಂದರೆ ಹಾಲಿನವನ ಸೈಕಲ್ಲು. ಮೂವತ್ತು ಅಂದರೆ ಬಸ್ಸು ತಪ್ಪೀತು. ಹನುಮಂತನಗರದ ಏರಿನಲ್ಲಿ ಹಾಫ್ ಕ್ಲಚ್ಚು ಕಲಿಸುವಾಗ "ಮಡಿ, ಮಡಿ, ಮುಟ್ಟಬೇಡಿ!" ಎಂದು ನಾನು ಕೂಗುವುದು ಕೇಳಿ ಅಂಗಡಿಯವರು ಹೊರಗೆ ಬಂದು ನೋಡುತ್ತಿದ್ದರು.

ಆ ವರ್ಷ ಏಪ್ರಿಲ್‌ನಲ್ಲಿ ನಿಂಗರಾಜನ ಮಷೀನು ಬಂತು.

ನಿಂಗರಾಜ ಗದಗದ ಕಡೆಯವನು, ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಆಫೀಸು ಮುಗಿದ ಮೇಲೆ ಕೂತು ಡ್ರೈವಿಂಗ್ ಕಲಿಸುವ ಮಷೀನು ಕಟ್ಟಿ, ಮಾರಲು ನಮ್ಮ ಸ್ಕೂಲಿಗೆ ತಂದಿದ್ದ. ಕಬ್ಬಿಣದ ಚೌಕಟ್ಟು, ಅದರ ಮೇಲೆ ಕಾರಿನದೇ ಸೀಟು, ಸ್ಟೀರಿಂಗು, ಮೂರು ಪೆಡಲು, ಗೇರು, ಎದುರಿಗೆ ಒಂದು ಕಂಪ್ಯೂಟರ್ ಪರದೆ. ಪರದೆಯಲ್ಲಿ ರಸ್ತೆ ಓಡುತ್ತದೆ, ಮೂಲೆಯಲ್ಲಿ ಸ್ಪೀಡು ಕಾಣುತ್ತದೆ. ಗುದ್ದಿದರೆ ಪರದೆ ಕೆಂಪಾಗುತ್ತದೆ, ಅಷ್ಟೇ. ಬಂಪರ್ ಹೋಗುವುದಿಲ್ಲ, ಬೈಗುಳವಿಲ್ಲ, ಪೆಟ್ರೋಲಿಲ್ಲ.

ಜಯಸಿಂಹ ಅವರಿಗೆ ಹೊಸದೇನು ಬಂದರೂ ಬೇಕು. ಪೇಜರ್ ಬಂದಾಗ ಎರಡು ಪೇಜರ್ ಕೊಂಡವರು ಅವರು. ಮಷೀನಿನ ಸುತ್ತ ಮೂರು ಸುತ್ತು ಬಂದು ನನ್ನನ್ನು ಕರೆದರು.

"ಮಂಗಳಾ, ಇನ್ಮೇಲೆ ನೀವು ಬಿಸಿಲಲ್ಲಿ ಬೇಯೋದು ಬೇಡ. ಎಸಿ ಹಾಕಿಸ್ತೀನಿ. ಲೇಡೀಸು ಇದರಲ್ಲೇ ಕಲೀತಾರೆ. ನೀವು ಕೂತ್ಕೊಂಡು ಸ್ವಿಚ್ ಒತ್ತಿದ್ರೆ ಆಯ್ತು. ಟೆಸ್ಟ್ ದಿವಸ ನನ್ನ ಗಾಡಿ ತಗೊಂಡ್ಹೋದ್ರೆ ಸಾಕು."

"ನನ್ನ ಗಾಡಿ?"

"ಅದನ್ನ ಕೊಟ್ಬಿಡೋಣ ಅಂತ. ಬರೋ ಸೋಮವಾರ ಅಲ್ಲ, ಅದರಾಚೆ ಸೋಮವಾರ ಪಾರ್ಟಿ ನೋಡೋಕೆ ಬರ್ತಾರೆ."

ಸಂಬಳ ಹೋಗುತ್ತಿರಲಿಲ್ಲ, ಕೆಲಸವೂ ಹೋಗುತ್ತಿರಲಿಲ್ಲ. ಕಾರು ಹೋಗುತ್ತಿತ್ತು. ಕಾರಿಲ್ಲದ ಡ್ರೈವಿಂಗ್ ಮಿಸ್ಸು ಅಂದರೆ ಒಲೆಯಿಲ್ಲದ ಮನೆಗೆ ಅಡುಗೆಯವಳು. ನನಗೆ ಬೇರೆ ಯಾವ ವಿದ್ಯೆಯೂ ಬರುವುದಿಲ್ಲ, ಬೇಕೂ ಇಲ್ಲ. ಇನ್ನೊಬ್ಬಳು ಹೆಂಗಸು ಮೊದಲ ಸಲ ತಾನೇ ಗೇರು ಬದಲಿಸಿ, ಗಾಡಿ ನಿಲ್ಲದೆ ಮುಂದೆ ಹೋದಾಗ ಅವಳ ಮುಖ ನೋಡಬೇಕು. ಅದನ್ನು ಎಡಗಡೆ ಸೀಟಿನಿಂದ ಮಾತ್ರ ನೋಡಬಹುದು. ಅದು ಆ ಸೋಮವಾರ ಹೋಗುತ್ತದೆ ಅಂದಾಗ ನನಗೆ ಅಳು ಬಂತು. ಅಳುವ ಬದಲು ಕೋಪ ಮಾಡಿಕೊಂಡೆ. ಅದು ನನಗೆ ಅಭ್ಯಾಸ.

"ಮೊದಲು ನಾನು ಓಡಿಸಿ ನೋಡ್ತೀನಿ" ಎಂದೆ.

ಕೂತೆ. ಫಸ್ಟ್ ಹಾಕಿದೆ, ಸೆಕೆಂಡ್ ಹಾಕಿದೆ, ಥರ್ಡ್ ಹಾಕಿದೆ. ಗಾಡಿ ಹೊರಟ ಹಾಗೇ ಅನ್ನಿಸಲಿಲ್ಲ. ಎದುರಿಗೆ ರಸ್ತೆಯೇನೋ ಬರುತ್ತಿತ್ತು, ಆದರೆ ಪರದೆಯ ಪಕ್ಕಕ್ಕೆ ಗೋಡೆ, ಗೋಡೆಯ ಮೇಲೆ ಕ್ಯಾಲೆಂಡರು. ಕ್ಯಾಲೆಂಡರು ಅಲ್ಲಾಡಲಿಲ್ಲ. ಇನ್ನಷ್ಟು ಆಕ್ಸಿಲರೇಟರ್ ಒತ್ತಿದೆ. ಬಸ್ಸು ತಪ್ಪೀತು ಅನ್ನುವಷ್ಟು ಆಯಿತು ಅಂದುಕೊಂಡೆ. ತಿರುವು ಬಂತು, ತಿರುಗಿಸಿದೆ, ಪರದೆ ಕೆಂಪಾಯಿತು. ಮೂಲೆಯಲ್ಲಿ ಎಂಬತ್ತೆರಡು ಅಂತಿತ್ತು.

ಜಯಸಿಂಹ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಂಗಳಾ ಮಿಸ್ಸೇ ಆಕ್ಸಿಡೆಂಟ್ ಮಾಡಿದ್ರಲ್ಲ ಗುರು!"

"ಇದು ಎಂಬತ್ತೆರಡಲ್ಲ. ನಿಮ್ಮ ಮಷೀನು ಸುಳ್ಳು ಹೇಳುತ್ತೆ" ಎಂದು ನಿಂಗರಾಜನಿಗೆ ಹೇಳಿದೆ.

ಅವನು ಪಾಪ ಮೆತ್ತಗೆ, "ಕಂಪ್ಯೂಟರ್ ಲೆಕ್ಕ ತಪ್ಪಂಗಿಲ್ರೀ ಮೇಡಂ. ನಲವತ್ತು ಅಂದ್ರ ಸೆಕೆಂಡಿಗೆ ಹನ್ನೊಂದು ಮೀಟರ್. ರಸ್ತೆ ಬಾಜೂ ಕಂಬ ಅದಾವಲ್ಲ, ಎಣಿಸಿ ನೋಡ್ರಿ ಬೇಕಂದ್ರ" ಎಂದ.

"ಲೆಕ್ಕ ಸರಿಯಿರಬಹುದು. ಕೂತ ಜಾಗಕ್ಕೆ ಗೊತ್ತಾಗಲಿಲ್ಲ ನೋಡಿ."

ಜಯಸಿಂಹ ಅವರು ನನ್ನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಬ್ಯಾಚಿನ ನಾಗಲಕ್ಷ್ಮಮ್ಮನವರನ್ನು ಹತ್ತು ದಿನ ಮಷೀನಿನ ಮೇಲೆ ಕೂರಿಸಿದರು. ಐವತ್ತು ದಾಟಿದ ಹೆಂಗಸು, ಬನಶಂಕರಿಯವರು, ಮೊಮ್ಮಗಳನ್ನು ತಾನೇ ಸ್ಕೂಲಿಗೆ ಬಿಡಬೇಕು ಅಂತ ಆಸೆ. ಹತ್ತೇ ದಿನಕ್ಕೆ ಪರದೆಯಲ್ಲಿ ಎಪ್ಪತ್ತು ಎಂಬತ್ತು ಓಡಿಸಿಕೊಂಡು, ಒಂದು ಕೈಯಲ್ಲಿ ಸೆರಗು ಸರಿಮಾಡಿಕೊಳ್ಳುವಷ್ಟು ಧೈರ್ಯ ಬಂತು. ಹನ್ನೊಂದನೇ ದಿನ, ಶನಿವಾರ ಬೆಳಿಗ್ಗೆ, ನಿಜವಾದ ಕಾರಿಗೆ ಬಂದರು. ಸೆಕೆಂಡ್ ಗೇರಿಗೆ ಹಾಕಿದ್ದೇ ತಡ, ಎರಡೂ ಕೈ ಬಿಟ್ಟು ಕಣ್ಣು ಮುಚ್ಚಿಕೊಂಡರು. ನಾನು ಬ್ರೇಕ್ ತುಳಿದೆ.

"ಅಯ್ಯೋ ಮಿಸ್, ಅದರಲ್ಲಿ ಎಂಬತ್ತು ಹೋಗ್ತಿದ್ದೆ, ಏನೂ ಆಗ್ತಿರಲಿಲ್ಲ. ಇದೇನಿದು, ಎದೆ ಬಾಯಿಗೆ ಬರ್ತಿದೆ! ಎಷ್ಟಿತ್ತು?"

"ಹದಿನಾರು."

ಕಾರನ್ನು ಸ್ಕೂಲಿನ ಮುಂದೆ ನಿಲ್ಲಿಸಿ ಒಳಗೆ ಹೋದೆ. ಜಯಸಿಂಹ ಅವರೂ ನಿಂಗರಾಜನೂ ಅಲ್ಲೇ ಇದ್ದರು. ಮಷೀನಿನ ಮೇಲೆ ಕೈಯಿಟ್ಟು ಹೇಳಿದೆ: "ಇದು ಕಾರಲ್ಲ ಸಾರ್, ಕಣ್ಕಟ್ಟು. ಎಂಬತ್ತಕ್ಕೆ ಭಯ ಇಲ್ಲ, ಹದಿನಾರಕ್ಕೆ ಪ್ರಾಣ ಹೋಗುತ್ತೆ. ಇದರಲ್ಲಿ ಕಲಿತವರು ರೋಡಿಗೆ ಬಂದ್ರೆ ಒಂದೋ ಹೆದರಿ ಸಾಯ್ತಾರೆ, ಇಲ್ಲಾ ಇನ್ನೊಬ್ಬರನ್ನ ಸಾಯಿಸ್ತಾರೆ."

"ಹದಿನಾರು ಅಂತ ನಿಮಗೆ ಹೆಂಗ್ ಗೊತ್ತು?" ಜಯಸಿಂಹ ಅವರು ಕೇಳಿದರು. "ನಿಮ್ಮ ಗಾಡೀಲಿ ಮೀಟರೇ ಇಲ್ಲ! ಮೀಟರ್ ಇರೋ ಮಷೀನು ಸುಳ್ಳು, ಮೀಟರ್ ಇಲ್ಲದ ನೀವು ನಿಜಾನಾ?"

ಮೀಟರ್ ಬಿಚ್ಚಿಸಿದವರ ಬಾಯಲ್ಲೇ ಈ ಮಾತು! ನನಗೆ ಅಡಿಯಿಂದ ಮುಡಿಯವರೆಗೆ ಉರಿಯಿತು.

"ಹಾಕ್ಸಿ ಕೇಬಲ್ಲು. ಹತ್ತು ಸಲ ಕೇಳಿ, ಮೀಟರ್ ನೋಡದೆ ಹೇಳ್ತೀನಿ. ಎಂಟು ಸರಿ ಇದ್ರೆ ಸೋಮವಾರ ಪಾರ್ಟಿ ಬರಬಾರದು."

"ಎಷ್ಟು ಹೆಚ್ಚು ಕಮ್ಮಿ ಇರಬಹುದು?"

"ಎರಡು."

ಎರಡು ಎಂದು ಯಾಕೆ ಹೇಳಿದೆನೋ! ಐದು ಎಂದಿದ್ದರೆ ಯಾರು ಬೇಡ ಅನ್ನುತ್ತಿದ್ದರು? ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುವುದು ನನಗೆಂದೇ ಮಾಡಿದ ಗಾದೆ. ಜಯಸಿಂಹ ಅವರು ಹೊಸದರ ಚಟದವರು, ಆದರೆ ಮಾತಿಗೆ ತಪ್ಪದವರು. ಆಯಿತು ಎಂದು ಕೈ ಮುಂದೆ ಚಾಚಿದರು.

ಪಕ್ಕದ ಗ್ಯಾರೇಜಿನ ಗೂಳಪ್ಪ ಬಂದು ಅರ್ಧ ಗಂಟೆಯಲ್ಲಿ ಕೇಬಲ್ ಹಾಕಿ, ಓಡಿಸಿ ನೋಡಿ, ಮುಳ್ಳು ಸರಿಯಾಗಿ ಏಳುತ್ತಿದೆ ಎಂದ. ನನ್ನ ಕಡೆಯಿಂದ ಮೀಟರ್ ಕಾಣದ ಹಾಗೆ ಸ್ವೀಟ್ ಬಾಕ್ಸಿನ ಮುಚ್ಚಳ ಅಂಟಿಸಿದರು. ಜಯಸಿಂಹ ಅವರು ಬೀಗದ ಕೈಯನ್ನು ನಿಂಗರಾಜನ ಕೈಗಿಟ್ಟು, "ನೀವೇ ಓಡಿಸಿ. ಆಗ ಯಾರೂ ಮೋಸ ಅನ್ನಲ್ಲ" ಎಂದರು.

ನಿಂಗರಾಜ ಬೀಗದ ಕೈಯನ್ನು ವಾಪಸ್ ಚಾಚಿದ. "ನನಗ ಗಾಡಿ ಬರಂಗಿಲ್ರೀ ಸರ."

ಮೂವರೂ ಅವನನ್ನೇ ನೋಡಿದೆವು, ಗೂಳಪ್ಪನೂ ಸೇರಿ.

"ಮತ್ತೆ ಈ ಮಷೀನು?" ಎಂದರು ಜಯಸಿಂಹ ಅವರು.

"ಕಂಪ್ಯೂಟರಿನ್ಯಾಗ ರೇಸ್ ಆಡ್ತೇನ್ರಿ, ಕಾಲೇಜಿನ್ಯಾಗ ಇದ್ದಾಗಿಂದ. ಅದರಾಗ ಎರಡನೂರ ನಲವತ್ತರ ಮ್ಯಾಲ ಓಡಸೇನಿ. ನಮ್ಮ ಮನ್ಯಾಗ ಕಾರ್ ಇರಲಿಲ್ರಿ. ಇಲ್ಲಿ ಬಸ್ಸಿಗೆ ಅಡ್ಡಾಡ್ತೇನಿ."

ಗೂಳಪ್ಪ ನಗು ತಡೆಯಲಾಗದೆ ಗ್ಯಾರೇಜಿಗೆ ಓಡಿಹೋದ. ನನಗೂ ನಗು ಬರಬೇಕಿತ್ತು, ಬರಲಿಲ್ಲ. ಕಾರಿನ ಮೇಲೆ ಅಷ್ಟು ಆಸೆ ಇಟ್ಟುಕೊಂಡು, ಕಾರೇ ಇಲ್ಲದೆ, ಪರದೆಯಲ್ಲಿ ಓಡಿಸಿಕೊಂಡು ಬೆಳೆದ ಹುಡುಗ. ಅವನು ಸುಳ್ಳು ಹೇಳಿರಲಿಲ್ಲ. ಅವನಿಗೆ ಗೊತ್ತಿದ್ದ ವೇಗವೇ ಅದು.

ಕೊನೆಗೆ ಜಯಸಿಂಹ ಅವರೇ ಸ್ಟೀರಿಂಗಿಗೆ ಕೂತರು. ನಿಂಗರಾಜ ಹಿಂದಿನ ಸೀಟಿನ ಮಧ್ಯದಿಂದ ಬಗ್ಗಿ ಮೀಟರ್ ಓದುವುದು, ನಾನು ಎಡಗಡೆ.

ಜಯನಗರದ ಒಳರಸ್ತೆಯಲ್ಲಿ "ಈಗ?" ಎಂದರು. "ಇಪ್ಪತ್ತೆಂಟು" ಎಂದೆ. "ಇಪ್ಪತ್ತೆಂಟ್ರೀ!" ಎಂದ ನಿಂಗರಾಜ. ಜೆಪಿ ನಗರದಲ್ಲಿ ಮೂರು ಸಲ ಕೇಳಿದರು. ಮೂರೂ ಸರಿ. ನಾಲ್ಕಕ್ಕೆ ನಾಲ್ಕು. ನನಗೆ ಕೊಂಬು ಬಂತು. ಸಾರಕ್ಕಿ ದಾಟುವಾಗ "ಸುಮ್ನೆ ಪೆಟ್ರೋಲ್ ದಂಡ ಸಾರ್, ವಾಪಸ್ ಹೋಗೋಣ" ಎಂದೆ.

"ಇರಿ, ಇರಿ" ಎಂದು ಜಯಸಿಂಹ ಅವರು ಕನಕಪುರ ರಸ್ತೆಯಲ್ಲಿ ಮುಂದೆ ಹೋದರು. ಕೋಣನಕುಂಟೆ ಕ್ರಾಸ್ ದಾಟಿದ ಮೇಲೆ ರಸ್ತೆ ಅಗಲವಾಯಿತು, ಮನೆಗಳು ದೂರ ಸರಿದವು, ಎರಡು ಕಡೆ ಬಯಲು.

"ಈಗ?"

"ನಲವತ್ತು."

ಹಿಂದಿನಿಂದ ನಿಂಗರಾಜ ಸಣ್ಣ ದನಿಯಲ್ಲಿ, "ಐವತ್ತೊಂದು ಐತ್ರಿ" ಎಂದ.

ಇನ್ನೊಮ್ಮೆ ಕೇಳಿದರು. ಯೋಚಿಸಿ, ಜಾಸ್ತಿ ಮಾಡಿ, ಐವತ್ತು ಎಂದೆ. ಐವತ್ತೆಂಟಿತ್ತು.

ಎರಡು ಹೋಯಿತು. ಇನ್ನು ಉಳಿದ ನಾಲ್ಕಕ್ಕೆ ನಾಲ್ಕೂ ಸರಿಯಾಗಬೇಕು, ಒಂದು ತಪ್ಪಿದರೂ ಸೋಮವಾರ ಕಾರು ಹೋಯಿತು. ಜಯಸಿಂಹ ಅವರು ನಾಲಗೆಯಲ್ಲಿ ಲೊಚಗುಟ್ಟಿದರು. ಅವರಿಗೂ ಬೇಜಾರಾಗಿತ್ತು ಅಂತ ಕಾಣುತ್ತದೆ.

"ಐದು ನಿಮಿಷ ನಿಲ್ಲಿಸಿ ಸಾರ್."

ಹೊಂಗೆಮರದ ಕೆಳಗೆ ನಿಲ್ಲಿಸಿದರು. ನಾನು ಇಳಿದು ಬಯಲು ನೋಡಿದೆ. ದೂರದ ಗುಡ್ಡ, ದೂರದ ಒಂದು ನೀರಿನ ಟ್ಯಾಂಕು. ಹತ್ತಿರದಲ್ಲಿ ಏನೂ ಇಲ್ಲ. ಜಯನಗರದಲ್ಲಿ ಕಾಂಪೌಂಡ್ ಗೋಡೆ, ನಿಲ್ಲಿಸಿದ ಸ್ಕೂಟರು, ಗೇಟಿನ ಮುಂದಿನ ರಂಗೋಲಿ, ಎಲ್ಲ ಕಿವಿಯ ಪಕ್ಕದಲ್ಲೇ ಹಿಂದೆ ಓಡುತ್ತಿದ್ದವು. ಇಲ್ಲಿ ಓಡುವುದಕ್ಕೇ ಏನಿಲ್ಲ. ಆ ನೀರಿನ ಟ್ಯಾಂಕು ನಿಂತಲ್ಲೇ ಇತ್ತು. ಮಷೀನಿನ ಪಕ್ಕದ ಗೋಡೆಯ ಕ್ಯಾಲೆಂಡರಿನ ಹಾಗೆಯೇ.

ಆಗ ನನ್ನ ತಲೆಗೆ ಹೊಡೆದ ಹಾಗಾಯಿತು. ಮಷೀನಿಗೆ ಬೈದೆನಲ್ಲ, ನನ್ನ ಕಣ್ಣೂ ಅದೇ ಜಾತಿ! ಗೋಡೆ ಇದ್ದರೆ ಜೋರು ಅನ್ನುತ್ತದೆ, ಬಯಲಿದ್ದರೆ ನಿಧಾನ ಅನ್ನುತ್ತದೆ. ಇಷ್ಟು ವರ್ಷ ನಾನು ಬಯಲಿಗೆ ಬಂದೇ ಇರಲಿಲ್ಲ, ಅದಕ್ಕೇ ನನ್ನ ಕಣ್ಣು ಬಲು ಜಾಣ ಅಂದುಕೊಂಡಿದ್ದೆ. ಕೂತ ಜಾಗಕ್ಕೆ ಗೊತ್ತಾಗಬೇಕು ಅಂತ ನಾನೇ ಹೇಳಿ, ಕೂತ ಜಾಗವನ್ನು ಬಿಟ್ಟು ಕಣ್ಣನ್ನು ನಂಬಿದ್ದೆ.

ಕಾರಿಗೆ ವಾಪಸು ಬಂದು, ಚೂಡಿದಾರದ ವೇಲನ್ನು ಎರಡು ಮಡಿಕೆ ಮಾಡಿ ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡೆ.

"ಇದೇನ್ರೀ ಮಂಗಳಾ!" ಜಯಸಿಂಹ ಅವರು ಗಾಬರಿಯಾದರು.

"ಹೊರಡಿ ಸಾರ್."

ಕಾರು ಹೊರಟಿತು. ಕತ್ತಲೆಯಲ್ಲಿ ಕೂತ ಮೇಲೆ ಎಲ್ಲ ಹತ್ತಿರ ಬಂತು. ಸೀಟಿನ ಕೆಳಗಿನ ನಡುಕ, ಕಾಲಡಿಯ ತಗಡಿನ ಗುಂಯ್ ಅನ್ನುವ ಸದ್ದು, ಗೇರು ಬದಲಾದಾಗ ಬೆನ್ನಿಗೆ ಸಿಗುವ ಸಣ್ಣ ನೂಕು. ಇದೆಲ್ಲ ಹದಿಮೂರು ವರ್ಷ ದಿನಾ ನನ್ನ ಜೊತೆಗೇ ಇದ್ದದ್ದು. ನಾನು ಮಾತಾಡಿಸಿರಲಿಲ್ಲ, ಅಷ್ಟೇ.

"ಈಗ?"

"ಮೂವತ್ತಾರು."

"ಮೂವತ್ತೇಳ್ರಿ! ಪಾಸು!" ನಿಂಗರಾಜ ನನ್ನ ಪಾರ್ಟಿಗೆ ಸೇರಿಬಿಟ್ಟಿದ್ದ.

ಎಂಟನೇ ಸಲ ಜಯಸಿಂಹ ಅವರು ತಮ್ಮ ಬುದ್ಧಿ ತೋರಿಸಿದರು. ನಿಧಾನ ಮಾಡಿ, ಸದ್ದಿಲ್ಲದೆ ಫೋರ್ತ್ ಗೇರಿಗೆ ಹಾಕಿ ಕೇಳಿದರು. ಇಂಜಿನ್ ಸದ್ದು ತಗ್ಗಿತು, ಆದರೆ ನನ್ನ ಮಂಡಿ ಹತ್ತಿರದ ಡ್ಯಾಶ್‌ಬೋರ್ಡು ಕಟಕಟ ಅಂದಿತು.

"ಇಪ್ಪತ್ತಾರರಲ್ಲಿ ಫೋರ್ತ್ ಹಾಕಿದ್ದೀರ ಸಾರ್. ಗಾಡಿ ಅಳ್ತಾ ಇದೆ, ಥರ್ಡಿಗೆ ಬನ್ನಿ."

ನಿಂಗರಾಜ ಚಪ್ಪಾಳೆ ತಟ್ಟಿದ. ಇಪ್ಪತ್ತಾರೇ ಇತ್ತು.

ಒಂಬತ್ತನೇ ಸಲ ಲಾರಿಯೊಂದು ಹಾರ್ನ್ ಹೊಡೆದುಕೊಂಡು ಪಕ್ಕದಲ್ಲೇ ಹೋಯಿತು. ಅದರ ಗಾಳಿಗೆ ಕಾರು ಅಲ್ಲಾಡಿತು, ಎಲ್ಲ ಕಲಸಿಹೋಯಿತು. ಲಾರಿ ದೂರ ಹೋಗುವವರೆಗೆ ಕಾದು, ನಲವತ್ನಾಲ್ಕು ಎಂದೆ. ನಲವತ್ತಾರಿತ್ತು. ಎರಡೇ ವ್ಯತ್ಯಾಸ. ಕೂದಲೆಳೆಯಲ್ಲಿ ಉಳಿದೆ.

ಹತ್ತನೆಯದಕ್ಕೆ ಜಯಸಿಂಹ ಅವರು ಬಹಳ ಹೊತ್ತು ತೆಗೆದುಕೊಂಡರು. ಗಾಡಿಯ ಮೂತಿ ಸ್ವಲ್ಪ ಕೆಳಗಾಯಿತು, ಇಳಿಜಾರು ಬಂತು ಅಂತ ತಿಳಿಯಿತು. ಅಷ್ಟರಲ್ಲಿ ಇಂಜಿನ್ ಸದ್ದೇ ಮಾಯ. ನ್ಯೂಟ್ರಲ್ ಮಾಡಿಬಿಟ್ಟಿದ್ದರು. ಎಳೆತವಿಲ್ಲ, ನೂಕಿಲ್ಲ, ಗಾಡಿ ತಾನಾಗಿ ಜಾರುತ್ತಿತ್ತು.

"ಈಗ ಹೇಳಿ, ಮಂಗಳಾ."

ಸೀಟಿಗೆ ಬೆನ್ನು ಒತ್ತಿ ಕೂತೆ. ಟೈರು ರಸ್ತೆಯನ್ನು ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು. ಅದರ ಮೇಲೆ ಇನ್ನೊಂದು ಸಣ್ಣ ಸದ್ದು ಶುರುವಾಯಿತು: ನನ್ನ ಕಡೆಯ ಕಿಟಕಿ ಗಾಜು. ಆ ಗಾಜು ಒಂದಿಷ್ಟು ಸಡಿಲ. ಮೀಟರ್ ಇದ್ದ ಕಾಲದಲ್ಲಿ ರಿಂಗ್ ರೋಡಿನಲ್ಲಿ ಒಂದೆರಡು ಸಲ ಕೇಳಿದ್ದೆ, ಐವತ್ತು ಮುಟ್ಟುವವರೆಗೆ ಸುಮ್ಮನಿದ್ದು, ಆಮೇಲೆ ದುಂಬಿಯ ಹಾಗೆ ಗುಂಯ್‌ಗುಡುತ್ತದೆ. ಈಗ ಗುಂಯ್‌ಗುಡಲು ಶುರು ಮಾಡಿತ್ತು. ಈಗಷ್ಟೇ.

"ಐವತ್ತೆರಡು."

ಕಾರು ಜಾರುತ್ತಲೇ ಇತ್ತು.

"ನಿಂಗರಾಜು, ಎಷ್ಟ್ರೀ?" ನಾನು ಕಿರುಚಿದೆ.

"ಐವತ್ತೆರಡ್ರೀ!" ಅವನು ನನಗಿಂತ ಜೋರಾಗಿ ಕಿರುಚಿದ. "ಕಡ್ಡಿ ಇಟ್ಟಂಗ ಐವತ್ತೆರಡ್ರೀ!"

ವೇಲು ಕಿತ್ತು ಹಾಕಿದೆ. ಬಿಸಿಲು ಕಣ್ಣಿಗೆ ಹೊಡೆಯಿತು. ನನಗೆ ಆದ ಸಂತೋಷವನ್ನು ಮುಚ್ಚಿಡುವ ಯೋಚನೆ ಇಲ್ಲ: ಲೈಸೆನ್ಸ್ ಸಿಕ್ಕಿದ ದಿನವೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ. ಜಯಸಿಂಹ ಅವರು ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿ, ಸ್ಟೀರಿಂಗ್ ಮೇಲೆ ತಲೆಯಿಟ್ಟು ನಗತೊಡಗಿದರು. ಸೋತ ನಗು, ಒಳ್ಳೆಯ ನಗು.

ಆದರೆ ನನ್ನನ್ನು ನಿಜವಾಗಿ ಗೆಲ್ಲಿಸಿದವನು ನಿಂಗರಾಜ. ಅವನು ಮುಂದೆ ಬಗ್ಗಿ, "ಸರ, ಮಷೀನು ಈಗ ಕೊಡಂಗಿಲ್ರೀ" ಎಂದ.

"ಯಾಕ್ರೀ? ನಾನು ಬೇಡ ಅಂದ್ನಾ? ಎರಡೂ ಇರಲಿ."

"ಇಲ್ರೀ. ಮೇಡಂ ಅದರಾಗ ಕಣ್ಣು ಕಟ್ಟಿಕೊಂಡು ಕುಂತು, ಇದು ನಲವತ್ತು ಅಂತ ಹೇಳೋ ಹಂಗ ಆಗೋತನಕ ಅದು ಕಾರ್ ಅಲ್ರೀ, ಆಟಗಿ ಸಾಮಾನು. ನನಗ ಕಣ್ಣಿಂದಷ್ಟ ಗೊತ್ತಿತ್ತು, ಮೈಯಿಂದ ಗೊತ್ತ ಇರಲಿಲ್ಲ." ನನ್ನ ಕಡೆ ತಿರುಗಿದ. "ಮೇಡಂ, ನನಗ ಕಲಸ್ತೀರೇನ್ರೀ?"

ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಇಲ್ಲದವರನ್ನು ಸ್ಟೀರಿಂಗಿಗೆ ಕೂರಿಸುವುದು ತಪ್ಪು. ಕಲಿಸುವವಳಾಗಿ ಅಂಥ ತಪ್ಪು ಮಾಡಿದ್ದು ಆವತ್ತು ಒಂದೇ ದಿನ. ವಸಂತಪುರದ ಕಡೆ ಸೈಟು ಮಾಡಿ ಕಲ್ಲು ನೆಟ್ಟು ಬಿಟ್ಟಿದ್ದ ಒಂದು ಖಾಲಿ ಲೇಔಟಿಗೆ ಹೋದೆವು. ಒಂದು ಹುಣಸೆಮರ ಬಿಟ್ಟರೆ ನರಪಿಳ್ಳೆ ಇಲ್ಲ. ಜಯಸಿಂಹ ಅವರನ್ನು ಹಿಂದಕ್ಕೆ ಕಳಿಸಿ ನಿಂಗರಾಜನನ್ನು ಕೂರಿಸಿದೆ. ಮೂರು ಸಲ ಆಫ್ ಮಾಡಿದ. ನಾಲ್ಕನೇ ಸಲ ಕಾರು ಒಂದು ಕುಪ್ಪಳಿಸಿ ಹೊರಟಿತು.

"ಹಿಡೀರಿ ಮೇಡಂ, ಹಿಡೀರಿ! ಹೊಂಟತಿ, ಹೊಂಟತಿ!"

ನನ್ನ ಕಾಲು ಬ್ರೇಕಿನ ಮೇಲಿತ್ತು. ತುಳಿಯಲಿಲ್ಲ. "ಸೆಕೆಂಡ್ ಹಾಕಿ. ಮೀಟರ್ ನೋಡಬೇಡಿ. ಎಷ್ಟಿದೆ ಹೇಳಿ?"

"ಅರವತ್ತ್ರೀ! ಅರವತ್ತು!"

"ಹದಿನಾಲ್ಕು!" ಜಯಸಿಂಹ ಅವರು ಹಿಂದಿನಿಂದ ಓದಿ ಸೀಟು ಬಡಿದು ನಕ್ಕರು.

ನಿಂಗರಾಜನೂ ನಕ್ಕ. ನಗುತ್ತ ನಗುತ್ತ ಅವನ ಕಣ್ಣಲ್ಲಿ ನೀರು ಬಂತು. ಹದಿನಾಲ್ಕು ಕಿಲೋಮೀಟರ್ ವೇಗ ಮೊದಲ ಸಲ ಮೈಗೆ ತಾಗಿದ ಮುಖ ಅದು. ಎಡಗಡೆ ಸೀಟಿನಿಂದ ನಾನು ಅದನ್ನು ಕಣ್ತುಂಬ ನೋಡಿದೆ.

ಹಿಂದೆ ಜಯಸಿಂಹ ಅವರು ಮೊಬೈಲ್ ತೆಗೆದು ಯಾರಿಗೋ ಫೋನ್ ಹಚ್ಚಿದರು. "ಸಾರ್, ಆ ಬಿಳಿ ಎಂಟುನೂರು ಇದೆಯಲ್ಲ, ಸೋಮವಾರ ಬರಬೇಡಿ. ಇಲ್ಲ ಸಾರ್, ರೇಟಿನ ಮಾತಲ್ಲ. ಆ ಗಾಡಿ ಕೊಡಲ್ಲ, ಅದರಲ್ಲಿ ಕ್ಲಾಸ್ ನಡೀತಾ ಇದೆ."

ನನಗೆ ಕಾರಿನಿಂದ ಹಾರಿ ಕುಣಿಯಬೇಕು ಅನ್ನಿಸಿತು. ಕುಣಿಯಲು ಪುರುಸೊತ್ತು ಸಿಗಲಿಲ್ಲ. ಫೋನಿನ ಮಾತು ಕೇಳಲು ನಿಂಗರಾಜ ಪೂರ್ತಿ ಹಿಂದಕ್ಕೆ ತಿರುಗಿದ್ದ, ಕಾರು ನೆಟ್ಟಗೆ ಹುಣಸೆಮರದ ಕಡೆ ಹೊರಟಿತ್ತು.

"ರೋಡ್ ನೋಡ್ರೀ, ರೋಡು!" ಎಂದು ಬೈದೆ. ಅಷ್ಟು ಸಂತೋಷದಿಂದ ನಾನು ಯಾರನ್ನೂ ಬೈದಿಲ್ಲ.